ಮೈನಸ್ ಅರವತ್ತರಲ್ಲಿ ಮುರಿದ ಉಕ್ಕು

ಕಳೆದ ತಿಂಗಳು ಸಿಂಗಾಪುರದ ಕ್ಲೆಮೆಂಟಿಯಲ್ಲಿ ನಮ್ಮ ಕನ್ನಡದವರ ನಾಟಕವಿತ್ತು. ಮೂರು ಗಂಟೆಗೆ ಎಂದು ಆಹ್ವಾನದಲ್ಲಿ ಬರೆದಿದ್ದರು. ನಾನು ಎರಡೂ ಮುಕ್ಕಾಲಿಗೆ ಹೋಗಿ ಮೊದಲ ಸಾಲಿನಲ್ಲಿ ಕುಳಿತೆ. ಪರದೆ ಎದ್ದದ್ದು ಮೂರೂ ಮುಕ್ಕಾಲಿಗೆ. ಮೊದಲ ದೃಶ್ಯ ಕೈಲಾಸ. ಬಿಸಿನೀರಿನ ಬಕೆಟ್ಟುಗಳಿಗೆ ಡ್ರೈ ಐಸ್ ಸುರಿದು, ಹಿಂದಿನಿಂದ ಫ್ಯಾನ್ ಹಾಕಿ, ವೇದಿಕೆಯ ಮೇಲೆಲ್ಲ ಬಿಳಿ ಹೊಗೆ ಹರಿಸಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಶಿವ ಎರಡು ಸಲ ಕೆಮ್ಮಿದ. ಹೊಗೆ ಅಂಚಿನಿಂದ ಇಳಿದು ನನ್ನ ಪಾದಗಳಿಗೆ ತಾಕಿತು.

ಡ್ರೈ ಐಸಿಗೆ ವಾಸನೆಯಿಲ್ಲ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಅದರೊಂದಿಗೆ ಕೆಲಸ ಮಾಡಿದವಳಿಗೆ ಗೊತ್ತು, ಸೋಡಾ ಕುಡಿದಾಗ ಆಗುವ ಹಾಗೆ ಮೂಗಿನೊಳಗೆ ಒಂದು ಹುಳಿ ಚುರುಕು ತಾಗುತ್ತದೆ. ಅದು ತಾಗಿತು. ಪಕ್ಕದಲ್ಲಿದ್ದ ಸಂಘಟಕಿ, "ಆಂಟಿ, ಎಫೆಕ್ಟ್ ಸೂಪರ್ ಆಗಿ ಬಂದಿದೆ ಅಲ್ವಾ?" ಎಂದಳು. ಬಂದಿದೆ ಎಂದೆ. ಆಮೇಲೆ ನಾಟಕದಲ್ಲಿ ಏನಾಯಿತೋ ನನಗೆ ತಿಳಿಯದು. ನಾನು 2012ಕ್ಕೆ ಹೋಗಿಬಿಟ್ಟಿದ್ದೆ.

ಆ ವರ್ಷ ನಾನು ಜುರಾಂಗ್ ಕಡೆಯ ಒಂದು ಸಣ್ಣ ಪರೀಕ್ಷಾಲಯದ ಮುಖ್ಯಸ್ಥೆಯಾಗಿದ್ದೆ. ಹಡಗು ಕಟ್ಟುವವರು ತರಿಸುವ ಉಕ್ಕನ್ನು ಪರೀಕ್ಷಿಸಿ, ಒಪ್ಪಿಗೆ ಅಥವಾ ತಿರಸ್ಕಾರ ಎಂದು ಬರೆದು ರುಜು ಹಾಕುವುದು ಕೆಲಸ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಬೆಡೋಕ್‌ನ ಮನೆಯಿಂದ ಆರು ಹತ್ತರ ಎಂಆರ್‌ಟಿ ರೈಲು, ಏಳೂವರೆಗೆ ಲ್ಯಾಬ್, ಹತ್ತಕ್ಕೆ ಕಾಫಿ, ಹನ್ನೆರಡೂ ಮುಕ್ಕಾಲಿಗೆ ಊಟದ ಡಬ್ಬಿ. ಹನ್ನೊಂದನೆಯ ವಯಸ್ಸಿನಿಂದ ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳು ನಾನು. ಲ್ಯಾಬಿನಲ್ಲೂ ವಾರಕ್ಕೆ ಒಂದು ಕ್ರಮವಿತ್ತು. ಸೋಮವಾರ ಯಂತ್ರಗಳಿಗೆ ಎಣ್ಣೆ, ಬುಧವಾರ ದಾಸ್ತಾನು, ಶನಿವಾರ ಬೆಳಿಗ್ಗೆ ಎಲ್ಲ ಥರ್ಮಾಮೀಟರುಗಳನ್ನೂ ಬೀರುವಿನಲ್ಲಿಟ್ಟ ಮೂಲ ಥರ್ಮಾಮೀಟರಿನೊಂದಿಗೆ ತಾಳೆ ನೋಡುವುದು. ಯಾವುದೇ ಕಾರಣಕ್ಕೂ ಈ ಕ್ರಮ ತಪ್ಪುತ್ತಿರಲಿಲ್ಲ.

ಜನವರಿಯಲ್ಲಿ ಒಂದು ಕೊರೆಯುವ ಹಡಗಿನ ಕೆಲಸ ಬಂತು. ಉತ್ತರ ಧ್ರುವದ ಹತ್ತಿರ ಸಮುದ್ರದ ತಳ ಕೊರೆದು ಎಣ್ಣೆ ಹುಡುಕಲು ಹೊರಡಲಿದ್ದ ಹಡಗು. ಭೂಮಧ್ಯರೇಖೆಯ ಪಕ್ಕದಲ್ಲಿ, ಬೆವರು ಒರೆಸಿಕೊಳ್ಳುತ್ತ, ಹಿಮಕ್ಕೆ ಹೋಗುವ ಹಡಗನ್ನು ಕಟ್ಟುತ್ತಿದ್ದರು. ಅದರ ಮೂತಿಗೆ ಹಾಕುವ ದಪ್ಪ ಪ್ಲೇಟುಗಳು ಕೊರೆಯುವ ಚಳಿಯಲ್ಲಿ ಗಾಜಿನಂತೆ ಒಡೆಯಬಾರದು. ಇದನ್ನು ನೋಡುವ ವಿಧಾನ ಸರಳ. ಪ್ಲೇಟಿನಿಂದ ಬೆರಳಿನಷ್ಟು ತುಂಡುಗಳನ್ನು ಕತ್ತರಿಸಿ, ನಡುವೆ ಒಂದು ಕಚ್ಚು ಹಾಕಿ, ಡ್ರೈ ಐಸ್ ಬೆರೆಸಿದ ಆಲ್ಕೊಹಾಲಿನಲ್ಲಿ ಮೈನಸ್ ಅರವತ್ತು ಡಿಗ್ರಿಗೆ ತಣಿಸಬೇಕು. ಇಕ್ಕಳದಲ್ಲಿ ಎತ್ತಿ ಐದು ಸೆಕೆಂಡಿನೊಳಗೆ ಯಂತ್ರದ ಮೇಲಿಟ್ಟು, ತೂಗುವ ಭಾರದ ಸುತ್ತಿಗೆಯನ್ನು ಬಿಡಬೇಕು. ಒಳ್ಳೆಯ ಉಕ್ಕು ಬಾಗಿ, ಹರಿದು, ತಡೆದು ಮುರಿಯುತ್ತದೆ. ಕೆಟ್ಟದ್ದು ಟಕ್ ಎಂದು ಎರಡಾಗುತ್ತದೆ. ಇಪ್ಪತ್ತು ವರ್ಷದಿಂದ ಸುತ್ತಿಗೆಯ ಬಳಿ ನಿಲ್ಲುತ್ತಿದ್ದವನು ಸೆಲ್ವಂ. ಹೊಸೂರಿನವನು, ಮನೆಯಲ್ಲಿ ತಮಿಳು, ನನ್ನೊಂದಿಗೆ ಕನ್ನಡ.

ಹಡಗಿನ ಕೆಲಸದೊಂದಿಗೆ ಇವಾಲು ಬಂದಳು. ಹಡಗು ಕೊರೆಯಲಿದ್ದದ್ದು ಗ್ರೀನ್‌ಲ್ಯಾಂಡಿನ ಅವಳ ಊರಿನ ಕೊಲ್ಲಿಯ ಮುಂದೆ. ಊರಿನವರ ಪ್ರತಿನಿಧಿಯೊಬ್ಬರು ಹಡಗು ಕಟ್ಟುವುದನ್ನು ನೋಡಬಹುದು ಎಂದು ಎಣ್ಣೆ ಕಂಪನಿ ಒಪ್ಪಿಕೊಂಡಿತ್ತು. ನೋಡಬಹುದು, ಅಷ್ಟೆ, ಮಾತನಾಡುವ ಅಧಿಕಾರ ಇರಲಿಲ್ಲ. ಊರಿನವರು ಆರಿಸಿ ಕಳಿಸಿದ್ದು ಮೀನಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದ ಈ ಹೆಂಗಸನ್ನು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಕುಳ್ಳಗೆ, ಗಟ್ಟಿಮುಟ್ಟು. ಇಂಗ್ಲಿಷ್ ನಿಧಾನವಾಗಿ, ಪದಕ್ಕೊಂದು ಕಲ್ಲು ಇಟ್ಟಂತೆ ಆಡುತ್ತಿದ್ದಳು.

ನಮ್ಮ ಬ್ಲಾಕಿನಲ್ಲೇ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದಳು. ಸಿಂಗಾಪುರದ ಸೆಕೆ ಅವಳನ್ನು ಹಿಂಡಿಹಾಕಿತು. ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್‌ನಲ್ಲಿ, ಚೆಸ್ ಆಡುವ ಮುದುಕರ ಪಕ್ಕದಲ್ಲಿ, ತಣ್ಣನೆಯ ನೆಲದ ಮೇಲೆ ಅವಳು ಅಂಗಾತ ಮಲಗಿದ್ದನ್ನು ಒಂದು ಭಾನುವಾರ ಕಂಡೆ. ಮುದುಕರಿಗೆ ಏನೂ ಅನ್ನಿಸಿರಲಿಲ್ಲ. ಲ್ಯಾಬಿನಲ್ಲಿ ಅವಳ ಜಾಗ ಡ್ರೈ ಐಸ್ ಪೆಟ್ಟಿಗೆಯ ಹತ್ತಿರ. ಪ್ರತಿದಿನ ಬಂದು, ಮುಚ್ಚಳ ತೆಗೆಯುವ ಹೊತ್ತಿಗೆ ಮುಖ ಒಡ್ಡಿ ನಿಲ್ಲುತ್ತಿದ್ದಳು. "ಅಮ್ಮಾ, ಆ ಹೊಗೆ ಕುಡಿದ್ರೆ ತಲೆ ತಿರುಗತ್ತೆ" ಎಂದು ಸೆಲ್ವಂ ಕನ್ನಡದಲ್ಲೇ ಗದರುತ್ತಿದ್ದ. ಅವಳು ತನ್ನ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಜಗಳ ಅರ್ಥವಾಗುತ್ತಿತ್ತು.

ಏಪ್ರಿಲ್‌ನ ಮಧ್ಯಾಹ್ನಗಳಲ್ಲಿ ನಾಲ್ಕಕ್ಕೆ ಸರಿಯಾಗಿ ಗುಡುಗು ಮಳೆ. ಸಿಡಿಲಿಗೆ ಹಡಗು ಕಟ್ಟುವ ಯಾರ್ಡಿನ ಕ್ರೇನುಗಳನ್ನು ನಿಲ್ಲಿಸುತ್ತಿದ್ದರು, ನಮಗೂ ಬಿಡುವು. ಆ ಹೊತ್ತಿನಲ್ಲಿ ಅವಳು ತನ್ನ ಕೊಲ್ಲಿಯ ವಿಷಯ ಹೇಳುತ್ತಿದ್ದಳು. ಮುತ್ತಜ್ಜನ ಕಾಲಕ್ಕೂ ಮುಂಚೆ ತೆಂಕಣದಿಂದ ಹಡಗುಗಳು ಬಂದು, ದಡದಲ್ಲಿ ಕಬ್ಬಿಣದ ಕೊಪ್ಪರಿಗೆಗಳನ್ನು ಹೂಡಿ, ತಿಮಿಂಗಿಲಗಳ ಕೊಬ್ಬನ್ನು ಕಾಯಿಸಿ ಎಣ್ಣೆ ಮಾಡಿದವು. ಒಂದೂ ಉಳಿಯದ ಮೇಲೆ ಕೊಪ್ಪರಿಗೆಗಳನ್ನು ಬಿಟ್ಟು ಹೋದವು. ಅವಳ ಅಪ್ಪ ಬೇಟೆಗಾರ. ಇಡೀ ಆಯುಸ್ಸಿನಲ್ಲಿ ಆ ಜಾತಿಯ ತಿಮಿಂಗಿಲ ನೋಡಲಿಲ್ಲ. ತುಕ್ಕು ಹಿಡಿದು ಒಡೆದ ಕೊಪ್ಪರಿಗೆಗಳಲ್ಲಿ ಕಡಲ ಬಾತುಗಳು ಗೂಡು ಕಟ್ಟಿದವು. ಗಾಳಿ ಬಾರದ, ನರಿ ನುಗ್ಗಲಾಗದ ಜಾಗ. ತಲೆಮಾರು ಕಳೆದಂತೆ ನೂರಾರಾದವು. ಆಮೇಲೆ, ಅವಳ ಐವತ್ತನೆಯ ವಯಸ್ಸಿನ ಆಚೀಚೆ, ಒಂದು ವಸಂತದಲ್ಲಿ ತಿಮಿಂಗಿಲಗಳೂ ಮರಳಿದವು. ಎಲ್ಲಿ ಅಡಗಿದ್ದವೋ. ಅವು ಇನ್ನೂರು ವರ್ಷ ಬದುಕುತ್ತವಂತೆ. ಊರಿಗೆ ಅಪರೂಪಕ್ಕೊಮ್ಮೆ ಒಂದನ್ನು ಹೊಡೆಯಲು ಅನುಮತಿ ಸಿಕ್ಕಾಗ, ಅದರ ಭುಜದ ಕೊಬ್ಬಿನೊಳಗೆ ಹಳೆಯ ಕಾಲದ ಈಟಿಯ ಮೊನೆ ಸಿಕ್ಕಿತ್ತು. ಮೊಟ್ಟೆಯನ್ನೂ ಮುಟ್ಟದ ನಾನು ಬೇಟೆಯ ಮಾತಿಗೆ ಕಿಟಕಿಯಾಚೆಯ ಮಳೆ ನೋಡಿದೆ. ಅವಳು ಆ ಮೊನೆಯ ಚೂರನ್ನು ಕೈಚೀಲದಿಂದ ತೆಗೆದು ನನಗೆ ಕೊಟ್ಟಳು. ನೋಡಿದೆ. ಕಳಪೆ ಕಬ್ಬಿಣ. ನೆಲಕ್ಕೆ ಬಿದ್ದಿದ್ದರೂ ಮುರಿಯುತ್ತಿತ್ತು. ಅಂಥದ್ದನ್ನು ಒಂದು ಜೀವ ಮೈಯೊಳಗೆ ಮುಚ್ಚಿಟ್ಟುಕೊಂಡು ನೂರು ವರ್ಷ ಈಜಿತ್ತು.

ಹಾಗಾದರೆ ಅಲ್ಲಿ ಎಲ್ಲವೂ ಮರಳಿ ಬರುತ್ತದಲ್ಲ, ಎಂದೆ. ಸಮಾಧಾನ ಹೇಳುವ ಉದ್ದೇಶವಿತ್ತು.

"ಮನುಷ್ಯರು ಹೋದ್ರೆ ಬರುತ್ತೆ" ಎಂದಳು. "ಏನೂ ಉಳಿದಿಲ್ಲ ಅಂತ ಗೊತ್ತಾದಾಗ ಹೋದರು. ಚಳಿಗಾಲದಲ್ಲಿ ಹಿಮ ಅವರನ್ನು ಒಳಗೆ ಬಿಡ್ತಾ ಇರಲಿಲ್ಲ, ಅದಕ್ಕೆ ಹೋದರು. ಈಗ ಹಿಮ ತೆಳ್ಳಗಾಗಿದೆ. ನಿನ್ನ ಉಕ್ಕು ದಪ್ಪಗಾಗಿದೆ."

ಅವಳ ಊರಿಗೆ ಉಳಿದಿದ್ದ ಆಸೆ ಒಂದೇ. ಕಂಪನಿಗೆ ಸಿಕ್ಕಿದ್ದ ಕೊರೆಯುವ ಅನುಮತಿ ಆ ಶರತ್ಕಾಲಕ್ಕೆ ಮುಗಿಯಲಿತ್ತು. ಅಷ್ಟರೊಳಗೆ ಒಂದು ಬಾವಿಯಾದರೂ ಕೊರೆಯದಿದ್ದರೆ ಅನುಮತಿ ರದ್ದು. ಹೊಸದಾಗಿ ಕೊಡುವುದಿಲ್ಲವೆಂದು ಅಲ್ಲಿಯ ಆಡಳಿತ ಮಾತು ಕೊಟ್ಟಿತ್ತು. ಹಿಮ ಸರಿದು ದಾರಿ ತೆರೆಯುವುದು ಎರಡೇ ತಿಂಗಳು. ಹಾಗಾಗಿ ಹಡಗು ಮೇ ಕೊನೆಗೆ ಸಿಂಗಾಪುರ ಬಿಡಲೇಬೇಕಿತ್ತು. ಯಾರ್ಡಿನ ಗುಣಮಟ್ಟದ ಮ್ಯಾನೇಜರ್ ರಾಘವೇಂದ್ರ, ಮೈಸೂರಿನವನು, ಯಾರ್ಡಿನಲ್ಲಿ ನನ್ನನ್ನು ಮೇಡಂ ಎಂದೂ ಮನೆಗೆ ಬಂದರೆ ಆಂಟಿ ಎಂದೂ ಕರೆಯುವವನು, ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. ಅವನಿಗೆ ಬೇರೆ ಚಿಂತೆಯೂ ಇತ್ತು. ಹಿಮ ಪೂರ್ತಿ ಕರಗಿದರೆ ಹಡಗುಗಳು ಆ ಕಡೆಯಿಂದಲೇ ಯುರೋಪಿಗೆ ಹೋಗುತ್ತವೆ, ನಮ್ಮ ಬಂದರಿಗೆ ಯಾರು ಬರುತ್ತಾರೆ ಎಂದು ನಗುತ್ತಲೇ ಕೇಳುತ್ತಿದ್ದ. ನಮ್ಮ ಅನ್ನಕ್ಕೆ ನಾವೇ ಮಣ್ಣು ಹಾಕಿಕೊಳ್ಳುವ ಹಡಗು ಇದು, ಆದರೂ ಡೇಟಿಗೆ ಸರಿಯಾಗಿ ಹೊರಡಬೇಕು ಎನ್ನುತ್ತಿದ್ದ.

ಏಪ್ರಿಲ್ ಕೊನೆಯ ವಾರ. ಸೋಮವಾರ ತಣಿಸುವ ತೊಟ್ಟಿಯ ಥರ್ಮಾಮೀಟರನ್ನು ವಾರ್ಷಿಕ ತಪಾಸಣೆಗೆ ಕಳಿಸಿ, ಬದಲಿಗೆ ಇನ್ನೊಂದನ್ನು ಹಾಕಿದೆವು. ಅದರ ಮೇಲೆ ತಪಾಸಣೆಯ ಅವಧಿ ಮುಗಿದಿಲ್ಲವೆಂಬ ಚೀಟಿಯಿತ್ತು. ಮಂಗಳವಾರ ಮೂತಿಯ ಕೊನೆಯ ಆರು ಪ್ಲೇಟುಗಳ ತುಂಡುಗಳು ಬಂದವು. ತಣಿಸಿದೆವು, ಸುತ್ತಿಗೆ ಬಿಟ್ಟೆವು. ಟಕ್. ಮತ್ತೆ ಟಕ್. ಸೆಲ್ವಂ ನನ್ನ ಮುಖ ನೋಡಿದ. ನಿಯಮದ ಪ್ರಕಾರ ಇನ್ನೊಮ್ಮೆ ಪರೀಕ್ಷಿಸಬಹುದು. ಗುರುವಾರ ಹೊಸ ತುಂಡುಗಳನ್ನು ತರಿಸಿ ಒಡೆದೆವು. ಅವೂ ಗಾಜಿನಂತೆ ಹೋದವು. ಆರು ಪ್ಲೇಟಿಗೂ ತಿರಸ್ಕಾರ ಎಂದು ಬರೆದು ರುಜು ಹಾಕಿದೆ.

ರಾಘವೇಂದ್ರ ಖುದ್ದು ಬಂದ. ಹೊಸ ಪ್ಲೇಟು ಜಪಾನಿನಿಂದ ಬರಲು ಹತ್ತು ವಾರ ಬೇಕು, ಅಲ್ಲಿಗೆ ಈ ಸೀಸನ್ ಮುಗಿಯಿತು ಎಂದ. "ಮೇಡಂ, ನಿಮ್ಮ ರಿಪೋರ್ಟ್ ಮೇಲೆ ನಾನು ಆರ್ಗ್ಯೂ ಮಾಡಲ್ಲ. ನೀವು ಫೇಲ್ ಅಂದ್ರೆ ಫೇಲ್." ಇಪ್ಪತ್ತು ವರ್ಷದ ನನ್ನ ಕ್ರಮಕ್ಕೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು. ಇವಾಲು ಪೆಟ್ಟಿಗೆಯ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಹೊರಗೆ ಹೋಗಿ, ಸುರಿಯುವ ಮಳೆಯಲ್ಲಿ ನಿಂತು ಊರಿಗೆ ಫೋನ್ ಮಾಡಿದಳು.

ಅವರ ಊರಿನಲ್ಲಿ ಸಂತೋಷವಾದರೆ ಮನೆ ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಕಾಫಿ, ಕೇಕ್ ಕೊಡುವ ಪದ್ಧತಿಯಂತೆ. ಅವಳ ಬಾಡಿಗೆ ಕೋಣೆಯಲ್ಲಿ ಒಲೆಯಿರಲಿಲ್ಲ. ಶನಿವಾರ ನಿನ್ನ ಮನೆ ಕೊಡುತ್ತೀಯಾ ಎಂದು ಕೇಳಿದಳು. ಆಗಲಿ ಎಂದೆ. ನಮ್ಮವರು, ಎಂದರೆ ನನ್ನ ಯಜಮಾನರು, ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡಿಸಿ ನಿವೃತ್ತರಾದವರು. ಅವರೇ ಅವಳಿಗೆ ಹಿಟ್ಟು ಅಳೆದುಕೊಟ್ಟರು.

ಶನಿವಾರ ಬೆಳಿಗ್ಗೆ ನಾನು ಲ್ಯಾಬಿಗೆ ಹೋದೆ. ಶನಿವಾರದ ಕೆಲಸ ಶನಿವಾರ. ಮೂಲ ಥರ್ಮಾಮೀಟರನ್ನು ತೊಟ್ಟಿಗೆ ಇಳಿಸಿದೆ. ಬದಲಿ ಥರ್ಮಾಮೀಟರ್ ಮೈನಸ್ ಅರವತ್ತು ತೋರಿಸುತ್ತಿತ್ತು. ಮೂಲದ್ದು ಮೈನಸ್ ಎಪ್ಪತ್ತೆರಡು.

ಮೂರು ಸಲ ನೋಡಿದೆ. ಹನ್ನೆರಡು ಡಿಗ್ರಿ ಹೆಚ್ಚು ತಣಿಸಿ ಒಡೆದಿದ್ದೆವು. ಆ ಚಳಿಗೆ ಈ ಜಾತಿಯ ಒಳ್ಳೆಯ ಉಕ್ಕೂ ಗಾಜಾಗುತ್ತದೆ. ಪ್ಲೇಟುಗಳಲ್ಲಿ ದೋಷವಿರಲಿಲ್ಲ. ಸೋಮವಾರವೇ ತಾಳೆ ನೋಡಬೇಕೆಂದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ನನ್ನ ವಾರದಲ್ಲಿ ಅದು ಶನಿವಾರದ ಕೆಲಸ, ಆದ್ದರಿಂದ ಹೊಳೆಯಲಿಲ್ಲ.

ಸೆಲ್ವಂ ಬದಲಿ ಥರ್ಮಾಮೀಟರನ್ನು ಕೈಗೆತ್ತಿಕೊಂಡು, ಮೆಲ್ಲಗೆ, "ಮೇಡಂ, ಇದು ಕೈಜಾರಿ ಬಿತ್ತು ಅಂದ್ರೆ ಆಯ್ತು. ಯಾರು ಕೇಳ್ತಾರೆ? ಪಾಪ ಆ ಅಮ್ಮ" ಎಂದ.

ಇಳಿಸಿ ಇಡು, ಕೆಂಪು ಚೀಟಿ ಅಂಟಿಸು ಎಂದೆ. ಅವನು ಹಾಗೇ ಮಾಡಿದ. ನನ್ನ ಕಡೆ ನೋಡಲಿಲ್ಲ.

ಹನ್ನೆರಡಕ್ಕೆ ಮನೆಗೆ ಬಂದಾಗ ಬಾಗಿಲು ಅಗಲವಾಗಿ ತೆರೆದಿತ್ತು. ಕಾರಿಡಾರಿನವರೆಗೆ ಕಾಫಿಯ, ಏಲಕ್ಕಿಯ ಪರಿಮಳ. ಎದುರು ಮನೆಯ ಚೀನೀ ದಂಪತಿ, ಕೆಳಗಿನ ಚೆಸ್ ಮುದುಕರು, ರಾಘವೇಂದ್ರನ ಹೆಂಡತಿ ಕೂಡ. ತನ್ನ ಗಂಡನ ತಲೆನೋವಿಗೆ ಪಾರ್ಟಿ ನಡೆಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು, ಆದರೂ ಬಂದಿದ್ದಳು. "ಆಂಟಿ, ಅವರಿಗೆ ಮೂರು ದಿನದಿಂದ ನಿದ್ದೆ ಇಲ್ಲ, ನಾನು ಇಲ್ಲಿ ಕೇಕ್ ತಿಂತಿದೀನಿ" ಎಂದು ನಕ್ಕಳು. ಇವಾಲು ನನಗಾಗಿ ಮೊಟ್ಟೆ ಹಾಕದೆ ಬೇರೆ ಕೇಕ್ ಮಾಡಿದ್ದಳು. ಅದು ಉಬ್ಬಿರಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟಳು. ಊರಿನ ಚರ್ಚಿನಲ್ಲಿ ಗಂಟೆ ಬಾರಿಸಿದರಂತೆ. ಎಂಬತ್ತು ದಾಟಿದ ಅವಳ ಅಣ್ಣ ಬಾತುಗಳ ಕೊಪ್ಪರಿಗೆಗಳ ಬಳಿ ಹೋಗಿ ಕುಳಿತು ಬಂದನಂತೆ. ನಾನು ಕೇಕ್ ತಿಂದೆ. ಪೂರ್ತಿ ತಿಂದೆ.

ಎರಡು ಗಂಟೆಗೆ ಎಲ್ಲರೂ ಹೋದರು. ನಮ್ಮವರು ಒಳಗೆ ಮಲಗಿದರು. ಇವಾಲು ಲೋಟಗಳನ್ನು ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ಆಗ ಹೇಳಿದೆ. ಥರ್ಮಾಮೀಟರ್, ಹನ್ನೆರಡು ಡಿಗ್ರಿ, ಪ್ಲೇಟುಗಳು ಚೆನ್ನಾಗಿವೆ ಎಂಬುದು, ಸೋಮವಾರ ವರದಿ ಹಿಂತೆಗೆದುಕೊಳ್ಳುತ್ತೇನೆ ಎಂಬುದು. ಕ್ರಮವಾಗಿ, ಒಂದೊಂದಾಗಿ.

ಅವಳ ಕೈ ನಿಲ್ಲಲಿಲ್ಲ. ಇನ್ನೆರಡು ಲೋಟ ತೊಳೆದಳು.

"ಯಾರಿಗೆ ಗೊತ್ತು?"

"ಸೆಲ್ವಂಗೆ. ನನಗೆ."

"ಈಗ ನನಗೂ." ನಲ್ಲಿ ನಿಲ್ಲಿಸಿದಳು. "ನನಗೆ ಯಾಕೆ ಮೊದಲು ಹೇಳಿದೆ, ವಿಮಲಾ? ಸುಳ್ಳು ಹೇಳು ಅಂತ ನಾನು ಕೇಳಲ್ಲ ಅಂತ ನಿನಗೆ ಗೊತ್ತು. ಆಗ ನಾನೂ ಒಪ್ಪಿದೆ ಅಂತ ಆಗುತ್ತೆ. ನಿನ್ನ ಭಾರ ಅರ್ಧ ಇಳಿಯುತ್ತೆ."

ನಿನಗೆ ಮೊದಲು ತಿಳಿಯಬೇಕಿತ್ತು ಎಂದೇನೋ ಅಂದೆ. ಅವಳು ಕೈ ಒರೆಸಿಕೊಂಡು, ಉಬ್ಬದ ಕೇಕಿನ ಉಳಿದ ಅರ್ಧವನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಳು. ಬಾಗಿಲಿನಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, "ನಾನೇ ಊರಿಗೆ ಫೋನ್ ಮಾಡಿ ಹೇಳಬೇಕು ಈಗ" ಎಂದಳು.

ನಮ್ಮವರಿಗೆ ಹೇಳಿದಾಗ ಅವರು ಒಂದೇ ಮಾತಿನಲ್ಲಿ ಮುಗಿಸಿದರು. "ಉಕ್ಕು ಚೆನ್ನಾಗಿದೆಯೋ ಇಲ್ವೋ ಹೇಳೋದು ನಿನ್ನ ಕೆಲಸ. ಅದು ಎಲ್ಲಿಗೆ ಹೋಗುತ್ತೆ ಅನ್ನೋದು ಅಲ್ಲ." ಈ ಮಾತನ್ನು ನಾನು ಬಹಳ ವರ್ಷ ಮಂತ್ರದಂತೆ ಹೇಳಿಕೊಂಡೆ. ಅದರಲ್ಲಿ ತಪ್ಪು ಹುಡುಕಲು ನನಗಾಗಿಲ್ಲ. ಅದು ನನಗೆ ನೆಮ್ಮದಿಯನ್ನೂ ಕೊಟ್ಟಿಲ್ಲ.

ಸೋಮವಾರ ವರದಿ ಹಿಂತೆಗೆದುಕೊಂಡೆ. ಕಂಪನಿಯವರ ಎದುರಿಗೇ ಮರುಪರೀಕ್ಷೆಯಾಯಿತು. ತುಂಡುಗಳು ಬಾಗಿದವು, ಹರಿದವು, ಸುತ್ತಿಗೆಯನ್ನು ತಡೆದವು. ನನ್ನ ವೃತ್ತಿಯಲ್ಲಿ ಅಷ್ಟು ಒಳ್ಳೆಯ ಉಕ್ಕು ಕಂಡಿರಲಿಲ್ಲ. ಇವಾಲು ಆ ದಿನವೂ ಬಂದಿದ್ದಳು, ನೋಡುವುದು ಅವಳ ಕೆಲಸ. ಪೆಟ್ಟಿಗೆಯ ಹತ್ತಿರ ನಿಲ್ಲಲಿಲ್ಲ. ರಾಘವೇಂದ್ರ ನನಗೆ ನಮಸ್ಕಾರ ಮಾಡಿದ. ಮೇ ಕೊನೆಗೆ, ಹೇಳಿದ ದಿನಕ್ಕೇ, ಹಡಗು ಹೊರಟಿತು. ಅವಳು ಅದಕ್ಕಿಂತ ಮುಂಚೆ ವಿಮಾನ ಹತ್ತಿದಳು. ಬೀಳ್ಕೊಡಲು ಹೋದೆ. ಅಪ್ಪಿಕೊಂಡಳು. ಅದು ಕ್ಷಮೆಯಲ್ಲವೆಂದು ನನಗೆ ತಿಳಿಯುವಷ್ಟು ಹೊತ್ತು ಅಪ್ಪಿಕೊಂಡಿದ್ದಳು.

ಆ ಬಳಿಕ ಅವಳಿಂದ ಬಂದದ್ದು ಮೂರು ಪತ್ರ. ಮೊದಲನೆಯದು ಮರುವರ್ಷ. ಬಾವಿ ಕೊರೆದರು, ಅನುಮತಿ ಉಳಿಯಿತು. ನಿನ್ನ ಉಕ್ಕು ಹಿಮವನ್ನು ಬೆಣ್ಣೆಯಂತೆ ಸೀಳುತ್ತದೆ ಎಂದು ಬರೆದಿದ್ದಳು. ವ್ಯಂಗ್ಯವಿರಲಿಲ್ಲ, ಕಂಡದ್ದನ್ನು ಬರೆದಿದ್ದಳು. ನೀರಿನಡಿಯ ಸದ್ದಿಗೆ ತಿಮಿಂಗಿಲಗಳು ಕೊಲ್ಲಿಯ ಬಾಯಿಂದಲೇ ತಿರುಗಿ ಹೋದವು.

ಎರಡನೆಯದರಲ್ಲಿ ದಡದ ಸುದ್ದಿ. ಸರಕು ಇಳಿಸಲು ಜಾಗ ಬೇಕಾಯಿತು. ಹಳೆಯ ಕೊಪ್ಪರಿಗೆಗಳನ್ನು ಕೈಗಾರಿಕಾ ತ್ಯಾಜ್ಯ ಎಂದು ಗುರುತಿಸಿ, ಕರಾವಳಿ ಸ್ವಚ್ಛತೆಯ ಹೆಸರಿನಲ್ಲಿ ಎತ್ತಿ ಒಯ್ದರು. ಅದಕ್ಕೊಂದು ಪ್ರಮಾಣಪತ್ರವೂ ಬಂತು. ಮೇ ತಿಂಗಳಲ್ಲಿ ಬಾತುಗಳು ಬಂದು, ಕೊಪ್ಪರಿಗೆ ಇದ್ದ ಬೋಳು ನೆಲದ ಮೇಲೆಯೇ, ಅದೇ ಅಂತರದಲ್ಲಿ, ಮೊಟ್ಟೆಯಿಟ್ಟು ಕುಳಿತವು. ವಾರದೊಳಗೆ ನರಿಗಳು ಮುಗಿಸಿದವು.

ಮೂರನೆಯ ಪತ್ರ ಬರುವ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಸಿಕ್ಕಿದ ಎಣ್ಣೆ ಸಾಲದು ಎಂದು ಕಂಪನಿ ಹೊರಟುಹೋಗಿತ್ತು. ಹಿಂದೆ ಬಿಟ್ಟದ್ದು ಜಲ್ಲಿ ಸುರಿದ ದಡ, ಪೈಪುಗಳು, ಡೀಸೆಲ್ ಕುಡಿದ ಮಣ್ಣು. ಮಣ್ಣು ತೆಗೆಸಿಕೊಡಿ ಎಂದು ಊರಿನವರು ಆಡಳಿತಕ್ಕೆ ಅರ್ಜಿ ಕೊಟ್ಟರು. ದಡದ ಸ್ಥಿತಿಯ ವರದಿ ಬರೆಯುವ ಕೆಲಸ ಇವಾಲುವಿಗೆ ಬಂತು. ಅವಳು ನಾಲ್ಕು ವಾರ ದಿನವೂ ಒಂದೇ ಹೊತ್ತಿಗೆ ಹೋಗಿ, ಕಂಡದ್ದನ್ನೆಲ್ಲ ಬರೆದಳು. ಸತ್ತ ಪಾಚಿ, ನೀರಿನ ಮೇಲಿನ ಬಣ್ಣದ ಪದರ, ಬಾರದ ತಿಮಿಂಗಿಲ. ಪೈಪುಗಳ ಸಂದಿಯಲ್ಲಿ ಹನ್ನೊಂದು ಬಾತುಗಳು ಗೂಡು ಕಟ್ಟಿದ್ದವು. ಅದನ್ನೂ ಬರೆದಳು. ಕಂಡದ್ದನ್ನು ಬಿಡುವುದು ಹೇಗೆ?

ಆಡಳಿತದ ಉತ್ತರ ಒಂದು ಪುಟ. ಪಕ್ಷಿಗಳು ಮರಳಿರುವುದನ್ನು ಊರಿನ ವರದಿಯೇ ದೃಢಪಡಿಸಿದೆ. ಅಲ್ಲಿಯ ನಿಸರ್ಗ ಗಟ್ಟಿಯಾದದ್ದು, ತಾನೇ ಚೇತರಿಸಿಕೊಳ್ಳುತ್ತಿದೆ. ಆದ್ದರಿಂದ ಮಣ್ಣು ತೆಗೆಸುವ ಅಗತ್ಯ ಕಾಣುವುದಿಲ್ಲ.

ಅದರ ಪ್ರತಿಯನ್ನು ಅವಳು ನನಗೆ ಕಳಿಸಿದ್ದಳು. ಅಡಿಯಲ್ಲಿ ಕೈಬರಹದ ಎರಡು ಸಾಲು. "ನಾನೂ ನಿನ್ನಂತೆಯೇ ಮಾಡಿದೆ, ವಿಮಲಾ. ಇನ್ನು ಮೇಲೆ ಇಲ್ಲಿಗೆ ಏನು ಮರಳಿ ಬಂದರೂ ನಾನು ಯಾರಿಗೂ ಹೇಳುವುದಿಲ್ಲ."

ಅಂದಿನಿಂದ ಪತ್ರವಿಲ್ಲ. ವರ್ಷಕ್ಕೊಮ್ಮೆ ನಾನು ಬರೆಯುತ್ತೇನೆ, ಆರೋಗ್ಯ ವಿಚಾರಿಸುತ್ತೇನೆ, ಬೆಡೋಕ್‌ನ ಮಳೆಯ ಸುದ್ದಿ ಹೇಳುತ್ತೇನೆ. ಬಾತುಗಳು ಎಷ್ಟಾದವು ಎಂದು ಮಾತ್ರ ಕೇಳುವುದಿಲ್ಲ.